ಕ್ರೀಡಾ ಸಾಧಕರ ಪರಿಚಯ: ಲೆವ್ ಯಾಶಿನ್ (1929–1990)

ಫುಟ್‌ಬಾಲ್ ಕ್ರೀಡೆಯಲ್ಲಿ ಗೋಲ್‌ಕೀಪರ್ ಸ್ಥಾನವು ಅತ್ಯಂತ ಹೊಣೆಗಾರಿಕೆಯದು. ಇತರ ಆಟಗಾರರ ತಪ್ಪನ್ನು ಸರಿಪಡಿಸಲು ಹಿಂದೆ ಮತ್ತೊಬ್ಬರು ಇರುತ್ತಾರೆ. ಗೋಲ್‌ಕೀಪರ್ ಹಿಂದೆ ಬಲೆಯಲ್ಲದೆ ಬೇರಾರೂ ಇರುವುದಿಲ್ಲ. ಈ ಸ್ಥಾನದಲ್ಲಿ ವಿಶ್ವಮಾನ್ಯತೆ ಪಡೆದ ಸೋವಿಯತ್ ಒಕ್ಕೂಟದ ಆಟಗಾರ ಲೆವ್ ಯಾಶಿನ್ ಅವರ ಸಂಕ್ಷಿಪ್ತ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಬಾಲ್ಯ ಮತ್ತು ಆರಂಭ:
ಯಾಶಿನ್ ಅವರು ದಿನಾಂಕ 22-10-1929ರಂದು ಮಾಸ್ಕೋ ನಗರದ ಕಾರ್ಮಿಕ ಕುಟುಂಬದಲ್ಲಿ ಜನಿಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಶಾಲಾ ವಯಸ್ಸಿನಲ್ಲಿಯೇ ಕಾರ್ಖಾನೆಯ ಕೆಲಸಕ್ಕೆ ಸೇರಿದರು. ಕಾರ್ಖಾನೆಯ ತಂಡದಲ್ಲಿ ಆಡುತ್ತಾ ಬೆಳೆದ ಅವರು ಮುಂದೆ ಮಾಸ್ಕೋದ ಡೈನಮೋ ಕ್ಲಬ್‌ಗೆ ಆಯ್ಕೆಯಾದರು.

1950ರಲ್ಲಿ ಹಿರಿಯರ ತಂಡದ ಪರ ಆಡಿದ ಅಭ್ಯಾಸ ಪಂದ್ಯವೊಂದರಲ್ಲಿ, ಎದುರಾಳಿ ಗೋಲ್‌ಕೀಪರ್ ದೂರದಿಂದ ಒದ್ದ ಚೆಂಡೇ ಇವರ ಗೋಲಿನೊಳಗೆ ಸೇರಿತು. ಆ ವರ್ಷ ಇವರಿಗೆ ಲೀಗ್‌ನಲ್ಲಿ ಹೆಚ್ಚಿನ ಅವಕಾಶ ದೊರೆಯಲಿಲ್ಲ. ಅನಂತರ ಅದೇ ಕ್ಲಬ್‌ನ ಐಸ್ ಹಾಕಿ ತಂಡದಲ್ಲಿಯೂ ಗೋಲ್‌ಕೀಪರ್ ಆಗಿ ಆಡಿ, 1953ರಲ್ಲಿ ಸೋವಿಯತ್ ಹಾಕಿ ಕಪ್ ಗೆದ್ದ ತಂಡದ ಸದಸ್ಯರಾದರು. ಅದೇ ವರ್ಷ ಫುಟ್‌ಬಾಲ್ ತಂಡದಲ್ಲಿ ಸ್ಥಾನ ಭದ್ರಪಡಿಸಿಕೊಂಡರು.

ಸಾಧನೆಗಳು:
ಅಂದಿನ ಗೋಲ್‌ಕೀಪರ್‌ಗಳು ಸಾಮಾನ್ಯವಾಗಿ ಗೋಲು ಗೆರೆಯಲ್ಲಿಯೇ ನಿಲ್ಲುತ್ತಿದ್ದರು. ಯಾಶಿನ್ ಅವರು ಮುಂದೆ ಬಂದು ಚೆಂಡನ್ನು ತಡೆಯುವುದು, ರಕ್ಷಣಾ ಆಟಗಾರರಿಗೆ ಕೂಗಿ ಸೂಚನೆ ನೀಡುವುದು ಹಾಗೂ ಚೆಂಡನ್ನು ಕೈಯಿಂದ ಬೇಗನೆ ಎಸೆದು ಪ್ರತಿದಾಳಿ ಆರಂಭಿಸುವುದನ್ನು ರೂಢಿಗೆ ತಂದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಚಿನ್ನದ ಪದಕ ಹಾಗೂ 1960ರಲ್ಲಿ ಪ್ರಥಮ ಯುರೋಪಿಯನ್ ಕಪ್ ಗೆದ್ದ ಸೋವಿಯತ್ ತಂಡಗಳಲ್ಲಿ ಪ್ರಮುಖ ಪಾತ್ರ ವಹಿಸಿದರು.

ಹಿನ್ನಡೆ ಮತ್ತು ಪುನರಾಗಮನ:
1962ರಲ್ಲಿ ಚಿಲಿ ದೇಶದಲ್ಲಿ ನಡೆದ ವಿಶ್ವಕಪ್‌ನಲ್ಲಿ ಕೊಲಂಬಿಯಾ ವಿರುದ್ಧ 4–1ರ ಮುನ್ನಡೆಯಲ್ಲಿದ್ದ ಪಂದ್ಯವು 4–4ರಲ್ಲಿ ಸಮವಾಯಿತು. ಕಾರ್ನರ್ ಒದೆತದ ಚೆಂಡೊಂದು ನೇರವಾಗಿ ಗೋಲು ಸೇರಿತ್ತು. ಕ್ವಾರ್ಟರ್ ಫೈನಲ್‌ನಲ್ಲಿ ತಂಡವು ಚಿಲಿಗೆ 2–1ರಿಂದ ಸೋತಿತು. ಸ್ವದೇಶದಲ್ಲಿ ಸೋಲಿನ ಹೊಣೆಯನ್ನು ಯಾಶಿನ್ ಅವರ ಮೇಲೆಯೇ ಹೊರಿಸಲಾಯಿತು. ಮೈದಾನದಲ್ಲಿ ಪ್ರೇಕ್ಷಕರು ಅವರನ್ನು ಹೀಯಾಳಿಸಿದರು. ನಿವೃತ್ತಿಯ ಬಗ್ಗೆಯೂ ಯೋಚಿಸಿದ ಅವರು ಕೆಲಕಾಲ ಆಟದಿಂದ ದೂರವಿದ್ದು, ಪುನಃ ಅಭ್ಯಾಸಕ್ಕೆ ಮರಳಿದರು.

1963ರ ಲೀಗ್‌ನಲ್ಲಿ 27 ಪಂದ್ಯಗಳನ್ನಾಡಿ ಕೇವಲ 6 ಗೋಲುಗಳನ್ನು ಬಿಟ್ಟುಕೊಟ್ಟರು; ಡೈನಮೋ ಚಾಂಪಿಯನ್ ಆಯಿತು. ದಿನಾಂಕ 23-10-1963ರಂದು ಲಂಡನ್‌ನ ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ ವಿಶ್ವ ತಂಡದ ಪರವಾಗಿ ಮೊದಲಾರ್ಧ ಆಡಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಅದೇ ವರ್ಷ ಅಂದು ಯುರೋಪಿನ ಶ್ರೇಷ್ಠ ಆಟಗಾರನಿಗೆ ನೀಡಲಾಗುತ್ತಿದ್ದ ಬ್ಯಾಲನ್ ಡಿ'ಓರ್ ಪ್ರಶಸ್ತಿಗೆ ಪಾತ್ರರಾದರು. ಪುರುಷರ ವಿಭಾಗದಲ್ಲಿ ಈ ಪ್ರಶಸ್ತಿ ಪಡೆದ ಏಕೈಕ ಗೋಲ್‌ಕೀಪರ್ ಇವರೇ ಆಗಿದ್ದಾರೆ. 1966ರ ವಿಶ್ವಕಪ್‌ನಲ್ಲಿ ಸೋವಿಯತ್ ತಂಡವು ನಾಲ್ಕನೇ ಸ್ಥಾನ ಗಳಿಸಿತು.

ಕೊನೆಯ ದಿನಗಳು:
ದಿನಾಂಕ 27-05-1971ರಂದು ಮಾಸ್ಕೋದ ಲೆನಿನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಪ್ರೇಕ್ಷಕರ ಸಮ್ಮುಖದಲ್ಲಿ ವಿದಾಯ ಪಂದ್ಯ ಆಡಿದರು. 1980ರ ದಶಕದಲ್ಲಿ ಅನಾರೋಗ್ಯದಿಂದ ಒಂದು ಕಾಲನ್ನು ಕಳೆದುಕೊಂಡರು. ದಿನಾಂಕ 20-03-1990ರಂದು ನಿಧನರಾದರು. 2019ರಿಂದ ವರ್ಷದ ಶ್ರೇಷ್ಠ ಗೋಲ್‌ಕೀಪರ್‌ಗೆ ಇವರ ಹೆಸರಿನ ಪ್ರಶಸ್ತಿ ನೀಡಲಾಗುತ್ತಿದೆ.

ಕ್ರೀಡಾ ವಸತಿ ನಿಲಯಗಳ ಪ್ರವೇಶಕ್ಕೆ ಅರ್ಜಿ ಸಲ್ಲಿಸಿ, ಮೊದಲ ಆಯ್ಕೆ ಪರೀಕ್ಷೆಯಲ್ಲಿ ಯಶಸ್ವಿಯಾಗದ ಯುವಜನರು ಹಾಗೂ ಅವರ ಪೋಷಕರು 1950 ಮತ್ತು 1962ರ ಯಾಶಿನ್ ಅವರನ್ನು ನೆನಪಿನಲ್ಲಿಡುವುದು ಸೂಕ್ತ.