ಅಜ್ಜಿಗೂ ನನಗೂ ಒಂದೇ ಮತ

ಓದು ಬಾರದವರಿಗೆ ಮತದ ಹಕ್ಕೇಕೆ ಎಂದು ಹಾಸ್ಟೆಲ್‌ನಲ್ಲಿ ವಾದಿಸಿದವನು ನಾನು. ಸುಕುಮಾರ್ ಸೇನ್ ಅವರ ಬಗ್ಗೆ ಓದಿದ ಮೇಲೆ ನಾಚಿಕೆಯಾಯಿತು.

ಗಣಿತ ಓದಿ ಐಸಿಎಸ್ ಸೇರಿದ್ದ ಅವರು 1950ರಲ್ಲಿ ದೇಶದ ಮೊದಲ ಮುಖ್ಯ ಚುನಾವಣಾ ಆಯುಕ್ತರಾದರು. ಮತದಾರರು 17 ಕೋಟಿಗೂ ಹೆಚ್ಚು, ಬಹುಪಾಲು ಅನಕ್ಷರಸ್ಥರು. ಸೇನ್ ಜನರನ್ನು ಅನುಮಾನಿಸಲಿಲ್ಲ. ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಪ್ರತ್ಯೇಕ ಮತಪೆಟ್ಟಿಗೆ ಇಡಿಸಿದರು. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿ ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಮಹಿಳೆಯರು ಮಾತ್ರ ಪಟ್ಟಿಯಿಂದ ಹೊರಗುಳಿದರು. ಅದು ನನಗೆ ಇಂದಿಗೂ ಕಸಿವಿಸಿ. 1953ರಲ್ಲಿ ಸುಡಾನ್ ಚುನಾವಣೆಗೂ ಅವರೇ ಬೇಕಾದರು.

ಪಕ್ಕದವರ ಮತವನ್ನು ನಂಬಿದರಷ್ಟೇ ಸೋತವರು ಸೋಲು ಒಪ್ಪುತ್ತಾರೆ. ನನ್ನ ಅಜ್ಜಿ ಹೆಬ್ಬೆಟ್ಟು ಒತ್ತುವವಳು. ಮೊದಲ ಸಲ ಮತ ಹಾಕಲು ಹೋದಾಗ ಸಾಲಿನಲ್ಲಿ ಅವಳ ಹಿಂದೆಯೇ ನಿಂತೆ.