ಮಲೆದಾರಿಯ ಓಟಕ್ಕೆ ಹೆಸರಾದವನು

ಮಧುಗಿರಿಯ ಏಕಶಿಲೆಯ ಬೆಟ್ಟದ ಬುಡದಿಂದ ಹೊರಟು, ಪಾವಗಡವನ್ನು ಮುಟ್ಟಿ, ಸಿರಾ ಕೊರಟಗೆರೆಗಳನ್ನು ಬಳಸಿಕೊಂಡು ಮತ್ತೆ ಮಧುಗಿರಿಗೆ ಬಂದು ಸೇರುವ ದಾರಿಯೊಂದನ್ನು ವಾಚಕರು ಕಲ್ಪಿಸಿಕೊಳ್ಳಲಿ. ದನಕರುಗಳು ನಡೆಯುವ, ಸುಗ್ಗಿಯಲ್ಲಿ ರೈತರು ರಾಗಿಯ ತೆನೆ ಹರಡುವ ಆ ದಾರಿಯಲ್ಲೇ ವರ್ಷಕ್ಕೊಂದು ದಿನ ದೇಶವಿದೇಶಗಳ ಮೋಟಾರುಗಳು ಪಂದ್ಯ ಕಟ್ಟಿ ಓಡಿದರೆ ಹೇಗಿದ್ದೀತು? ಇಟಲಿಯ ಸಿಸಿಲಿ ದ್ವೀಪದಲ್ಲಿ ಇಂಥದೇ ಸಾಹಸವನ್ನು ನಡೆಸಿ ತೋರಿಸಿದವನು ವಿನ್ಚೆನ್ಜೊ ಫ್ಲೋರಿಯೊ.

ಅವನು 1883ರಲ್ಲಿ ಪಲೆರ್ಮೊ ನಗರದಲ್ಲಿ ಹುಟ್ಟಿದನು. ಹಡಗಿನ ವ್ಯಾಪಾರ, ಮಾರ್ಸಾಲಾ ದ್ರಾಕ್ಷಾರಸ, ಕಡಲ ಮೀನುಗಾರಿಕೆ ಇವುಗಳಿಂದ ಆ ಮನೆತನವು ದ್ವೀಪದಲ್ಲೇ ಹೆಸರಾದ ಐಶ್ವರ್ಯವನ್ನು ಗಳಿಸಿತ್ತು. ಎಂಟನೆಯ ವಯಸ್ಸಿನಲ್ಲಿಯೇ ಅವನು ತಂದೆಯನ್ನು ಕಳೆದುಕೊಂಡನು. ವ್ಯವಹಾರದ ಭಾರ ಅಣ್ಣ ಇಗ್ನಾಜಿಯೊನ ಹೆಗಲಿಗೆ ಬಿತ್ತು. ತಮ್ಮನ ಮನಸ್ಸು ಆಗತಾನೆ ಬಂದಿದ್ದ ಮೋಟಾರುಗಳಿಗೆ ಒಲಿಯಿತು. ತಾನೂ ಪಂದ್ಯಗಳಲ್ಲಿ ಕಾರು ನಡೆಸಿದ ಮೇಲೆ, ತನ್ನ ನಾಡಿನಲ್ಲಿಯೇ ಅಂಥದೊಂದನ್ನು ಏರ್ಪಡಿಸುವ ಹಂಬಲ ಅವನಲ್ಲಿ ಮೂಡಿತು.

ಸಿಸಿಲಿ ಬಡನಾಡು. ಮಡೋನಿಯೆ ಬೆಟ್ಟಗಳ ನಡುವಣ ದಾರಿಗಳು ಗಾಡಿಗಳಿಗೂ ಹೇಸರಗತ್ತೆಗಳಿಗೂ ತಕ್ಕವಾಗಿದ್ದುವೇ ಹೊರತು ಮೋಟಾರಿಗಲ್ಲ. ಇತರರು ಕೊರತೆಯೆಂದು ಕಂಡದ್ದನ್ನು ಫ್ಲೋರಿಯೊ ಪರೀಕ್ಷೆಯೆಂದು ಬಗೆದನು. 1906ರ ಮೇ 6ರಂದು ಹತ್ತು ಕಾರುಗಳು ಓಟಕ್ಕೆ ಹೊರಟುವು. ಒಂದು ಸುತ್ತಿಗೆ ಸುಮಾರು 148 ಕಿಲೋಮೀಟರು. ಒಟ್ಟು ಮೂರು ಸುತ್ತು. ಇಟಾಲಾ ಕಾರನ್ನು ನಡೆಸಿದ ಅಲೆಸ್ಸಾಂದ್ರೊ ಕಾಗ್ನೊ ಒಂಬತ್ತೂವರೆ ಗಂಟೆ ಕಾಲ ಹೆಣಗಿ ಗೆದ್ದನು. ಅವನ ಸರಾಸರಿ ವೇಗ ಗಂಟೆಗೆ 47 ಕಿಲೋಮೀಟರಿನಷ್ಟು. ಬಹುಮಾನವಾಗಿ ಕೊಡುತ್ತಿದ್ದ ಫಲಕಕ್ಕೆ ಅವರ ಭಾಷೆಯಲ್ಲಿ ತಾರ್ಗಾ ಎಂದು ಹೆಸರು. ಪಂದ್ಯವೂ ತಾರ್ಗಾ ಫ್ಲೋರಿಯೊ ಎಂದೇ ಪ್ರಸಿದ್ಧವಾಯಿತು.

ಮುಂದೆ ಸುತ್ತು 108 ಕಿಲೋಮೀಟರಿಗೂ ಕೊನೆಗೆ 72ಕ್ಕೂ ಇಳಿಯಿತು. ಆದರೂ ನೂರಾರು ತಿರುವುಗಳು ಉಳಿದುವು. ದಾರಿಯನ್ನು ಬಲ್ಲವನಿಗೇ ಅಲ್ಲಿ ಗೆಲವು. 1928ರಲ್ಲಿ ಚೆಕೊಸ್ಲೊವಾಕಿಯದ ಎಲಿಷ್ಕಾ ಯುಂಕೋವಾ ಎಂಬ ಮಹಿಳೆ ಮುಂಚಿತವಾಗಿ ಆ ದಾರಿಯನ್ನು ನಡೆದು ನೋಡಿ ಅಭ್ಯಸಿಸಿ, ಒಂದು ಹಂತದಲ್ಲಿ ಎಲ್ಲರಿಗಿಂತ ಮುಂದಿದ್ದು, ಐದನೆಯವಳಾಗಿ ಗುರಿ ಮುಟ್ಟಿದಳು.

ಎರಡು ಮಹಾಯುದ್ಧಗಳ ನಡುವಣ ವರ್ಷಗಳಲ್ಲಿ ಫ್ಲೋರಿಯೊ ಮನೆತನದ ಸಿರಿ ಕರಗಿತು; ಹಡಗುಗಳೂ ದ್ರಾಕ್ಷಾರಸದ ಉದ್ಯಮವೂ ಪರರ ಪಾಲಾದುವು. ಕೈಯಲ್ಲುಳಿದದ್ದು ಪಂದ್ಯವೊಂದೇ. ಅದು ಮಾತ್ರ ಬೆಳೆಯಿತು. 1955ರಲ್ಲಿ ಜಾಗತಿಕ ಸ್ಪರ್ಧಾಮಾಲೆಯಲ್ಲಿ ಅದಕ್ಕೆ ಸ್ಥಾನ ದೊರೆತು, ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್ ಮತ್ತು ಪೀಟರ್ ಕಾಲಿನ್ಸ್ ಮರ್ಸಿಡಿಸ್ ಕಾರಿನಲ್ಲಿ ಗೆದ್ದುದನ್ನು ಕಾಣುವ ಭಾಗ್ಯ ವೃದ್ಧ ಫ್ಲೋರಿಯೊನದಾಯಿತು. 1959ರ ಜನವರಿಯಲ್ಲಿ ಅವನು ಫ್ರಾನ್ಸಿನಲ್ಲಿ ತೀರಿಕೊಂಡನು. ಅವನಿಗೆ ಮಕ್ಕಳಿರಲಿಲ್ಲ.

ಅವನು ಕಾಣದೆ ಹೋದ ಅಧ್ಯಾಯವೊಂದುಂಟು. ಕಾರುಗಳ ವೇಗ ಹೆಚ್ಚುತ್ತ ಹೋಯಿತು. ದಾರಿ ಅದೇ ಹಳ್ಳಿಯ ದಾರಿ. ಮನೆಯ ಹೊಸ್ತಿಲಿಗೂ ಓಡುವ ಚಕ್ರಕ್ಕೂ ಕೆಲವೇ ಮೊಳಗಳ ಅಂತರ. 1973ರ ಬಳಿಕ ಪಂದ್ಯವು ಜಾಗತಿಕ ಮಾಲೆಯಿಂದ ಹೊರಬಿದ್ದಿತು. 1977ರಲ್ಲಿ ಕಾರೊಂದು ದಾರಿ ತಪ್ಪಿ ನುಗ್ಗಿ, ಇಬ್ಬರು ಪ್ರೇಕ್ಷಕರು ಪ್ರಾಣ ಕಳೆದುಕೊಂಡರು. ವೇಗದ ಓಟ ಅಲ್ಲಿಗೆ ನಿಂತಿತು. ತಾರ್ಗಾ ಫ್ಲೋರಿಯೊ ಎಂಬ ಹೆಸರು ಈಗ ರ‍್ಯಾಲಿಯೊಂದಕ್ಕೆ ಉಳಿದಿದೆ.

ಊರಿನ ದಾರಿಗೆ ಲೋಕವನ್ನು ಕರೆತಂದದ್ದೇ ಫ್ಲೋರಿಯೊನ ಹಿರಿಮೆ. ಬಂದ ಲೋಕದ ವೇಗವನ್ನು ಆ ದಾರಿ ತಾಳಲಾರದೆ ಹೋದದ್ದು ಅವನ ಕನಸಿನ ದುರಂತ. ಚೆರ್ಡಾ ಗ್ರಾಮದ ಬಳಿ ಪ್ರೇಕ್ಷಕರ ಕಟ್ಟೆಗಳು ಇಂದಿಗೂ ನಿಂತಿವೆ. ಅವುಗಳ ಮುಂದಿನ ದಾರಿಯೇನೋ ಊರಿನವರಿಗೇ ಮರಳಿದೆ.