ಮಕ್ಕಳ ಕೈಗೆ ಅಚ್ಚುಮೊಳೆ ಕೊಟ್ಟ ಮೇಷ್ಟ್ರು

ಈ ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದರೆ, ಬರೆಯಲು ನಮ್ಮಲ್ಲಿ ಏನಿದೆ ಎಂದು ನಮ್ಮಲ್ಲಿ ಅನೇಕರು ಜಾರಿಕೊಳ್ಳುತ್ತೇವೆ. ಪ್ರಾಥಮಿಕ ಶಾಲೆಯ ಪುಟ್ಟ ಮಕ್ಕಳು ಬರೆದದ್ದನ್ನೂ ಅಚ್ಚು ಹಾಕಬೇಕು ಎಂದು ನಂಬಿದ್ದ ಶಿಕ್ಷಕರೊಬ್ಬರು ಫ್ರಾನ್ಸಿನಲ್ಲಿದ್ದರು. ಅವರ ಹೆಸರು ಸೆಲೆಸ್ತಾಂ ಫ್ರೆನೆ.

ಅವರು ಹುಟ್ಟಿದ್ದು 1896ರಲ್ಲಿ, ದಕ್ಷಿಣ ಫ್ರಾನ್ಸಿನ ಗಾರ್ಸ್ ಎಂಬ ಬೆಟ್ಟದ ಹಳ್ಳಿಯಲ್ಲಿ. ನೀಸ್ ನಗರದಲ್ಲಿ ಶಿಕ್ಷಕ ತರಬೇತಿ ಪಡೆಯುತ್ತಿದ್ದಾಗ ಮೊದಲ ಮಹಾಯುದ್ಧ ಅವರನ್ನು ರಣರಂಗಕ್ಕೆ ಎಳೆಯಿತು. 1917ರಲ್ಲಿ ಗುಂಡೇಟಿನಿಂದ ಶ್ವಾಸಕೋಶಕ್ಕೆ ಗಾಯವಾಯಿತು. ದೀರ್ಘ ಚಿಕಿತ್ಸೆಯ ಬಳಿಕ 1920ರಲ್ಲಿ ಬಾರ್-ಸುರ್-ಲೂ ಎಂಬ ಹಳ್ಳಿಯ ಶಾಲೆಗೆ ಬಂದರು. ಆದರೆ ತರಗತಿಯಲ್ಲಿ ಹೆಚ್ಚು ಹೊತ್ತು ಮಾತನಾಡಿದರೆ ಉಸಿರು ಸಾಲುತ್ತಿರಲಿಲ್ಲ. ಪಾಠವೆಂದರೆ ಮೇಷ್ಟ್ರ ಮಾತು ಎಂದೇ ತಿಳಿದಿದ್ದ ಕಾಲವದು. ಬೇರೆಯವರಾಗಿದ್ದರೆ ಕೆಲಸ ಬಿಡುತ್ತಿದ್ದರೇನೋ.

ಫ್ರೆನೆ ಮಕ್ಕಳನ್ನು ಹೊರಗೆ ನಡೆದಾಡಲು ಕರೆದೊಯ್ದರು. ಹೊಲ, ಹೊಳೆ, ಕಮ್ಮಾರನ ಅಂಗಡಿ ನೋಡಿ ಬಂದ ಮಕ್ಕಳು ಹೇಳಿದ್ದನ್ನು ಕಪ್ಪುಹಲಗೆಯ ಮೇಲೆ ಬರೆದರು. ಪಠ್ಯಪುಸ್ತಕ ತೆರೆದರೆ ಆಕಳಿಸುತ್ತಿದ್ದ ಮಕ್ಕಳು ಇದನ್ನು ಆಸೆಯಿಂದ ಓದಿದರು. ಬಸವನಹುಳುಗಳ ಓಟದ ಪಂದ್ಯವೂ ಒಂದು ದಿನ ಪಾಠವಾಯಿತು! ಆದರೆ ಹಲಗೆಯ ಮೇಲಿನದು ಸಂಜೆಗೆ ಅಳಿಸಿಹೋಗುತ್ತದಲ್ಲ? ಅದಕ್ಕಾಗಿ 1924ರಲ್ಲಿ ಒಂದು ಪುಟ್ಟ ಕೈ ಮುದ್ರಣಯಂತ್ರ ಕೊಂಡರು.

ಮಕ್ಕಳು ತಮಗೆ ತೋಚಿದ್ದನ್ನು ಬರೆದು ತರಗತಿಯಲ್ಲಿ ಓದುವರು. ಯಾವುದು ಅಚ್ಚಾಗಬೇಕೆಂದು ಕೈ ಎತ್ತಿ ಆರಿಸುವರು. ಆರಿಸಿದ್ದನ್ನು ಎಲ್ಲರೂ ಸೇರಿ ತಿದ್ದುವರು. ಬಳಿಕ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸುವರು. ಒಂದಕ್ಷರ ತಪ್ಪಿದರೂ ಎಲ್ಲ ಪ್ರತಿಗಳಲ್ಲೂ ಅದೇ ತಪ್ಪು! ಕಾಗುಣಿತ ಕಲಿಯಲು ಇದಕ್ಕಿಂತ ಕಟ್ಟುನಿಟ್ಟಿನ ದಾರಿ ನನಗಂತೂ ಹೊಳೆಯುವುದಿಲ್ಲ. ಒಬ್ಬ ಮಸಿ ಹಚ್ಚಿದರೆ ಇನ್ನೊಬ್ಬ ಹಾಳೆ ಇಡಬೇಕು. ಒಬ್ಬರಿಂದಲೇ ಆಗುವ ಕೆಲಸವಲ್ಲ. ಮುದ್ರಿಸಿದ ಹಾಳೆಗಳು ಸುಮಾರು 1000 ಕಿ.ಮೀ. ದೂರದ ಬ್ರಿಟನಿಯಲ್ಲಿ ರೆನೆ ದಾನಿಯೆಲ್ ಎಂಬ ಶಿಕ್ಷಕರ ಶಾಲೆಗೆ ಅಂಚೆಯಲ್ಲಿ ಹೋದವು. ಅಲ್ಲಿಂದ ಕಡಲತೀರದ ಮಕ್ಕಳ ಬರಹ ಬಂತು. ಓದಲು ಯಾರೋ ಕಾಯುತ್ತಿದ್ದಾರೆ ಎಂದು ತಿಳಿದ ಮಗುವಿಗೆ ಬರೆಯಲು ಬೇರೆ ಒತ್ತಾಯ ಬೇಕಾಗಲಿಲ್ಲ.

ಮುಂದೆ ಅವರ ತರಗತಿಗಳಲ್ಲಿ ಗೋಡೆಪತ್ರಿಕೆಯೂ ಬಂತು. ಟೀಕೆ, ಮೆಚ್ಚುಗೆ, ಬೇಡಿಕೆ, ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ವಾರದ ಸಭೆಯಲ್ಲಿ ಅವನ್ನು ಓದಿ ಚರ್ಚಿಸುತ್ತಿದ್ದರು. ಜಗಳಗಳೂ ಅಲ್ಲಿಯೇ ತೀರುತ್ತಿದ್ದವು.

ಇದಕ್ಕೆಲ್ಲ ಬೆಲೆ ತೆರಬೇಕಾಯಿತು. 1928ರಲ್ಲಿ ಅವರು ಸಾಂ-ಪೋಲ್ ಎಂಬ ಊರಿನ ಶಾಲೆಗೆ ಹೋದರು. ಅಲ್ಲಿ ಹುಡುಗನೊಬ್ಬ ಕಂಡ ಕನಸು ಅಚ್ಚಾಯಿತು: ಶಾಲೆಗೆ ಸಾಮಗ್ರಿ ಕೊಡಿಸದ ಊರಿನ ಮೇಯರ್ ವಿರುದ್ಧ ಮಕ್ಕಳು ದಂಗೆಯೆದ್ದು, ಕೊನೆಗೆ ಆ ಹುಡುಗನೇ ಮೇಯರನ್ನು ಕೊಲ್ಲುವ ಕನಸು. 1932ರ ಕೊನೆಯಲ್ಲಿ ವಿರೋಧಿಗಳು ಅದನ್ನು ಊರಿನ ಗೋಡೆಗಳಿಗೆ ಅಂಟಿಸಿದರು. ಬಲಪಂಥೀಯ ಪತ್ರಿಕೆಗಳೂ ಕೂಗೆಬ್ಬಿಸಿದವು. ಮರುವರ್ಷ ಫ್ರೆನೆ ಆ ಶಾಲೆಯನ್ನು ಬಿಡಬೇಕಾಯಿತು. ಮಗುವಿನ ಕನಸನ್ನು ತಿದ್ದಿ ತಮ್ಮನ್ನು ಕಾಪಾಡಿಕೊಳ್ಳುವುದು ಅವರಿಗೆ ಕಷ್ಟವಿರಲಿಲ್ಲ.

ಹತ್ತಿರದ ವಾನ್ಸ್‌ನಲ್ಲಿ ಪತ್ನಿ ಎಲೀಸ್ ಜೊತೆ ಸೇರಿ ಸ್ವಂತ ಶಾಲೆ ಕಟ್ಟಿದರು. ಸ್ಪೇನ್ ಅಂತರ್ಯುದ್ಧದಿಂದ ನೆಲೆ ಕಳೆದುಕೊಂಡ ಮಕ್ಕಳಿಗೂ ಅಲ್ಲಿ ಆಶ್ರಯ ಸಿಕ್ಕಿತು. 1940ರಲ್ಲಿ ಅವರನ್ನು ಬಂಧಿಸಿ ಶಿಬಿರದಲ್ಲಿಟ್ಟರು. ಬಿಡುಗಡೆಯ ನಂತರ, ಯುದ್ಧ ಮುಗಿದ ಮೇಲೆ, ಮತ್ತೆ ಅದೇ ಶಾಲೆ. 1966ರಲ್ಲಿ ವಾನ್ಸ್‌ನಲ್ಲೇ ತೀರಿಕೊಂಡರು. ಹುಟ್ಟೂರಾದ ಗಾರ್ಸ್‌ನಲ್ಲಿ ಅವರ ಸಮಾಧಿಯಿದೆ. ವಾನ್ಸ್‌ನ ಶಾಲೆ ಇಂದಿಗೂ ನಡೆಯುತ್ತಿದೆ.